ಡಬ್ಬಿಯ ತಳದಲ್ಲಿದ್ದ ಮಾದರಿ ಸಂಖ್ಯೆ

2024ರ ಸೆಪ್ಟೆಂಬರಿನಲ್ಲಿ ನಾನು ಶಂಕರಘಟ್ಟದಲ್ಲಿ ಹಸ್ತಪ್ರತಿ ಸಂರಕ್ಷಣಾ ಯೋಜನೆಯೊಂದರ ಮುಖ್ಯಸ್ಥನಾಗಿದ್ದೆ. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ನಮ್ಮ ಸಹಾಯಕಿ ರಜಿಯಾ ಹಳೆಯ ಕಾಗದದ ದುರಸ್ತಿಯಲ್ಲಿ ಎಂಟು ವಾರಗಳ ತರಬೇತಿಗೆ ಆಯ್ಕೆಯಾಗಿದ್ದಳು. ಮೊದಲ ನಾಲ್ಕು ವಾರ ಜಪಾನಿನಲ್ಲಿ, ಉಳಿದದ್ದು ಅಮೆರಿಕದ ಒಂದು ಸಣ್ಣ ಪಟ್ಟಣದಲ್ಲಿ. 14ರ ಶನಿವಾರ ಸೋಗಾನೆಯ ವಿಮಾನ ನಿಲ್ದಾಣದಿಂದ ಹೊರಡಬೇಕಿತ್ತು.

ಅವಳ ತಾಯಿ ಸಕೀನಾಬಿ ಭದ್ರಾವತಿಯ ಕಾಗದನಗರದವರು. ಅವರ ಬಳಿ ಇದ್ದದ್ದು ಕೀಪ್ಯಾಡ್ ಫೋನ್, ಅದರಲ್ಲಿ 2ರ ಗುಂಡಿ ಒತ್ತಿ ಹಿಡಿದರೆ ಮಗಳಿಗೆ ಕರೆ ಹೋಗುತ್ತಿತ್ತು. ಅವರು ಹಾಕಿದ್ದು ಒಂದೇ ಷರತ್ತು.

"ನಾನು ಎರಡು ಒತ್ತಿ ಹಿಡಿದ್ರೆ ಇವಳ ಫೋನ್ ಹೊಡ್ಕೋಬೇಕು ಸಾರ್. ಯಾವ ದೇಶ ಆದ್ರೂ ಸರಿ. ಇಲ್ದಿದ್ರೆ ಕಳ್ಸಲ್ಲ."

ಕೆಲವು ವರ್ಷಗಳ ಹಿಂದೆ ಅವರ ತಮ್ಮ ಗಲ್ಫ್‌ನಲ್ಲಿ ಆಸ್ಪತ್ರೆ ಸೇರಿದ್ದಾಗ ಒಂಬತ್ತು ದಿನ ಅವನ ಫೋನ್ ಸಿಕ್ಕಿರಲಿಲ್ಲ. ಆ ಒಂಬತ್ತು ದಿನಗಳನ್ನು ಅವರು ಮರೆತಿರಲಿಲ್ಲ.

ಫೋನ್ ಆರಿಸುವ ಹೊಣೆಯನ್ನು ನಾನೇ ವಹಿಸಿಕೊಂಡೆ. ಖರೀದಿಯ ದಿನ 12 ಎಂದು ನನ್ನ ದಿನಚರಿ ಹೇಳುತ್ತದೆ, 11 ಎಂದು ರಸೀದಿ ಹೇಳುತ್ತದೆ. ದಿನಚರಿಯನ್ನು ಮರುದಿನ ಬರೆದದ್ದರಿಂದ ರಸೀದಿಯನ್ನೇ ನಂಬುತ್ತೇನೆ. ಶಿವಮೊಗ್ಗದ ಅಂಗಡಿಯ ಇಮ್ತಿಯಾಜ್ ಫೋನೊಂದನ್ನು ಮುಂದಿಟ್ಟು, "ಅನ್‌ಲಾಕ್ಡ್ ಸಾರ್. ದುನಿಯಾದಲ್ಲಿ ಎಲ್ಲಿ ಬೇಕಾದ್ರೂ ನಡೀತದೆ" ಎಂದ. ಅನ್‌ಲಾಕ್ಡ್ ಎಂದರೆ ಒಂದೇ ಕಂಪನಿಗೆ ಕಟ್ಟಿಹಾಕದ, ಯಾರ ಸಿಮ್ ಹಾಕಿದರೂ ಒಪ್ಪುವ ಫೋನ್. ಆದರೆ ಬೀಗ ತೆಗೆದ ಮಾತ್ರಕ್ಕೆ ಬಾಗಿಲಾಚೆ ರಸ್ತೆ ಇರಲೇಬೇಕೆಂದಿಲ್ಲ. ಪ್ರತಿ ದೇಶದ ಜಾಲವೂ ತನ್ನದೇ ಆವರ್ತನಗಳಲ್ಲಿ, ಅಂದರೆ ಬ್ಯಾಂಡ್‌ಗಳಲ್ಲಿ, ಸಾಗುತ್ತದೆ. ಅಮೆರಿಕದ ಸಣ್ಣ ಊರುಗಳಿಗೆ 12 ಮತ್ತು 71ನೇ ಬ್ಯಾಂಡ್, ಜಪಾನಿನ ಒಂದು ಜಾಲಕ್ಕೆ 19ನೆಯದು ಮುಖ್ಯವೆಂದು ಗುರುತು ಮಾಡಿಕೊಂಡಿದ್ದೆ. ಅಮೆರಿಕದ ದೊಡ್ಡ ಜಾಲಗಳು 2022ರ ಕೊನೆಯೊಳಗೆ 3G ನಿಲ್ಲಿಸಿದ್ದವು. ಹಾಗಾಗಿ ಮಾತಿನ ಕರೆಯೂ 4Gಯ ಮೇಲೆಯೇ ಹೋಗಬೇಕು. ಆ ಸೌಲಭ್ಯದ ಹೆಸರು VoLTE. ಅಂತರ್ಜಾಲದಲ್ಲಿ ಆ ಫೋನಿನ ಹೆಸರು ಹಾಕಿ ನೋಡಿದೆ. ಬೇಕಾದ್ದೆಲ್ಲವೂ ಪಟ್ಟಿಯಲ್ಲಿತ್ತು. ಪುಟದಲ್ಲಿದ್ದ ಮಾದರಿ ಸಂಖ್ಯೆಯನ್ನೂ ಪುಟ ನೋಡಿದ ದಿನಾಂಕವನ್ನೂ ಬರೆದುಕೊಂಡೆ. ಫೋನ್ ಖರೀದಿಸಿದೆ.

ಮರುದಿನ ಕಾಗದನಗರಕ್ಕೆ ಹೋಗಿ, ಬ್ಯಾಂಡ್‌ಗಳನ್ನೆಲ್ಲ ಬರೆದಿಟ್ಟ ನನ್ನ ಕೋಷ್ಟಕವನ್ನು ಸಕೀನಾಬಿಯವರ ಮುಂದೆ ಹರಡಿದೆ. ಅವರು ಇಪ್ಪತ್ತೆರಡು ವರ್ಷ ಕಾಗದದ ಕಾರ್ಖಾನೆಯಲ್ಲಿ ಹಾಳೆ ಆರಿಸಿದವರು. ಒಂದೊಂದೇ ಹಾಳೆ ಮಗುಚಿ, ಕಲೆ, ಸುಕ್ಕು ಇದ್ದದ್ದನ್ನು ಎಳೆದು ಹಾಕುವ ಕೆಲಸ. ಕೋಷ್ಟಕವನ್ನು ಅವರು ಓದಲಿಲ್ಲ.

"ಇದು ಈ ಫೋನ್ ನೋಡಿ ಬರ್ದಿದ್ದಾ, ಇದರ ಹೆಸರು ನೋಡಿ ಬರ್ದಿದ್ದಾ?"

"ಎರಡೂ ಒಂದೇ ಅಲ್ಲವೇ?"

"ಮೇಲಿನ ಹಾಳೆ ನೋಡಿ ಕಟ್ಟು ಪಾಸ್ ಮಾಡಿದ್ರೆ ನಮ್ಮ ಸೂಪರ್‌ವೈಸರ್ ಮನೆಗೆ ಕಳಿಸ್ತಿದ್ದ ಸಾರ್."

ನಾನು ಡಬ್ಬಿಯನ್ನು ಮಗುಚಿದೆ. ತಳದಲ್ಲಿ ಸಣ್ಣ ಅಕ್ಷರದಲ್ಲಿ ಮಾದರಿ ಸಂಖ್ಯೆ ಇತ್ತು. ನನ್ನ ಟಿಪ್ಪಣಿಯ ಸಂಖ್ಯೆಗೂ ಅದಕ್ಕೂ ಕೊನೆಯ ಅಕ್ಷರದಲ್ಲಿ ವ್ಯತ್ಯಾಸ. ತಳದ ಸಂಖ್ಯೆಯನ್ನು ಹಾಕಿ ಅಲ್ಲೇ ಮತ್ತೆ ಹುಡುಕಿದೆ. ನಾನು ಮೊದಲು ಓದಿದ್ದು ಅಮೆರಿಕದಲ್ಲಿ ಮಾರುವ ಆವೃತ್ತಿಯ ಪಟ್ಟಿ. ಇಲ್ಲಿ ಮಾರುವ ಆವೃತ್ತಿಯಲ್ಲಿ 12, 19, 71 ಮೂರೂ ಇರಲಿಲ್ಲ. ಒಂದೇ ಹೆಸರಿನ ಕೃತಿಯ ಹತ್ತು ಓಲೆಪ್ರತಿಗಳಲ್ಲಿ ಹತ್ತು ಪಾಠಾಂತರಗಳಿರುತ್ತವೆಂದು ಮೂವತ್ತೊಂದು ವರ್ಷ ಪಾಠ ಹೇಳಿದವನು ನಾನು.

"ತಪ್ಪಾಗಿದೆ. ಇದು ಅಲ್ಲಿ ಸರಿಯಾಗಿ ನಡೆಯುವುದಿಲ್ಲ" ಎಂದೆ.

ರಜಿಯಾ ಅರ್ಧ ತುಂಬಿದ ಪೆಟ್ಟಿಗೆಯ ಮೇಲೆ ಕುಸಿದು ಕುಳಿತಳು. "ಅಮ್ಮೀ, ಟಿಕೆಟ್ ಆಗಿದೆ!"

"ಆಗ್ಲಿ. ಫೋನ್ ಆಗಿಲ್ವಲ್ಲ."

"ನಾಳೆ ಸಂಜೆಯೊಳಗೆ ಸರಿಯಾದದ್ದನ್ನು ತರುತ್ತೇನೆ" ಎಂದು ಎದ್ದೆ.

ಶುಕ್ರವಾರ ಅಂಗಡಿಯಲ್ಲಿ ಹೆಸರುಗಳನ್ನು ಬದಿಗಿಟ್ಟು ಡಬ್ಬಿಗಳ ತಳವನ್ನೇ ಓದಿದೆ. ಪ್ರತಿ ಸಂಖ್ಯೆಯನ್ನೂ ತಯಾರಕರ ಜಾಲತಾಣದ ಅದೇ ಸಂಖ್ಯೆಯ ಪುಟದೊಡನೆ ತಾಳೆ ನೋಡಿದೆ. ಆರನೇ ಡಬ್ಬಿಯ ಹೊತ್ತಿಗೆ ಇಮ್ತಿಯಾಜ್ ಸೋತ. "ಹೆಣ್ಣು ನೋಡಕ್ಕೆ ಬಂದೋರೂ ಇಷ್ಟು ನೋಡಲ್ಲ ಮಾರಾಯ್ರೆ!" ಎಂದರೂ ಏಳನೆಯದನ್ನು ಅವನೇ ಮಗುಚಿ ಓದಿದ. ಎಂಟನೆಯದು ಹಿಂದಿನ ವರ್ಷದ ಮಾದರಿ, ಹೊಳಪು ಕಡಿಮೆ. ಮೂರೂ ಬ್ಯಾಂಡ್ ಇದ್ದವು. ಎರಡು ಸಿಮ್‌ಗೆ ಜಾಗವಿತ್ತು: ತಾಯಿಯ ಕರೆಗೆ ರೋಮಿಂಗ್‌ನಲ್ಲಿ ಇಲ್ಲಿಯ ಸಿಮ್, ಇಂಟರ್ನೆಟ್‌ಗೆ ಅಲ್ಲಿಯದು. VoLTE ರೋಮಿಂಗ್ ಎರಡೂ ದೇಶಗಳಲ್ಲಿ ಉಂಟೆಂದು ಸಿಮ್ ಕಂಪನಿಯಿಂದ ಬರಹದಲ್ಲೇ ಉತ್ತರ ತರಿಸಿಕೊಂಡೆ.

ಸಂಜೆ ಸಕೀನಾಬಿ ಡಬ್ಬಿಯನ್ನು ತಾವೇ ಮಗುಚಿ, ನನ್ನ ಹಾಳೆಯ ಪಕ್ಕದಲ್ಲಿಟ್ಟು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಹೋಲಿಸಿದರು. ಆಮೇಲೆ ಮಗಳ ಕಡೆ ನೋಡಿ, "ಸ್ವೆಟರ್ ಇಟ್ಕೊಂಡ್ಯಾ?" ಎಂದರು.

ಜಪಾನಿನಲ್ಲಿ ಕರೆ ಸಿಕ್ಕಿತು. ನನ್ನ ಅಳುಕೆಲ್ಲ ಅಮೆರಿಕದ ಆ ಸಣ್ಣ ಪಟ್ಟಣದ ಮೇಲಿತ್ತು. ಅಕ್ಟೋಬರ್ 16ರ ಸಂಜೆ ಏಳಕ್ಕೆ ಕಾಗದನಗರದಲ್ಲಿ ಸಕೀನಾಬಿಯವರ ಎದುರು ಕುಳಿತೆ. ಎರಡು ಒತ್ತಿ ಹಿಡಿದರು. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ರಿಂಗ್.

"ಹೇಳಮ್ಮೀ!"

"ಏನಿಲ್ಲ. ಹತ್ತುತ್ತಾ ಅಂತ ನೋಡ್ದೆ." ಇಟ್ಟುಬಿಟ್ಟರು. ಕಣ್ಣು ಒರೆಸಿಕೊಂಡು ಚಹಾಕ್ಕೆ ನೀರಿಟ್ಟರು.

ಹೆಸರನ್ನು ನಂಬದೆ ಕೈಯಲ್ಲಿರುವ ಪ್ರತಿಯನ್ನು ಮಗುಚಿ ನೋಡಬೇಕೆಂಬುದು ನನ್ನ ವೃತ್ತಿಯ ಮೊದಲ ಪಾಠ. ಅದನ್ನು ನಾನು ಪೂರ್ತಿ ಕಲಿತದ್ದು ನಿವೃತ್ತಿಗೆ ಏಳು ತಿಂಗಳಿರುವಾಗ, ಹಾಳೆ ಆರಿಸಿದ ಕೈಗಳಿಂದ.