ಅತ್ತೆಯ ನಿಂಬೆ ಗಿಡ, ನನ್ನ ಸೋಪು, ಚಿಟ್ಟೆಗಳು

ಬಚ್ಚಲ ಹಿಂದೆ ಚಿಟ್ಟೆಗಳು ಬರುವುದು ನಿಂತಿದ್ದು ನನ್ನ ಸೋಪಿನಿಂದಲೇ ಅಂತ ನಮ್ಮತ್ತೆ ತೀರ್ಪು ಕೊಟ್ಟುಬಿಟ್ಟರು.

ಮರುದಿನವೇ ಸೋಪು ಅವರ ಟ್ರಂಕು ಸೇರಿತು. ನನಗೆ ಸಿಕ್ಕಿದ್ದು ಒಂದು ಡಬ್ಬಿ ಕಡ್ಲೆಹಿಟ್ಟು.

ತೊಂಬತ್ತರ ದಶಕದ ಕೊನೆ, ಮದುವೆಯಾದ ಮೇಲೆ ನನ್ನ ಮೊದಲ ಬೇಸಿಗೆ. ನಾನು ಕೆ.ಆರ್. ನಗರದ ಕಡೆ ನಾಲೆ ಪಕ್ಕದ ಊರವಳು, ನೀರನ್ನು ಅಳೆದು ಬಳಸಬೇಕು ಅಂತಲೇ ಗೊತ್ತಿರಲಿಲ್ಲ. ಬಂದು ಸೇರಿದ್ದು ಗಾವಡಗೆರೆ ಹತ್ತಿರದ ಒಣ ಊರಿಗೆ, ಹೊಗೆಸೊಪ್ಪು ಬೆಳೆಯುವ ಮನೆಗೆ.

ಉಗಾದಿ ಕಳೆದು ಎಷ್ಟೋ ದಿನವಾದರೂ ಮೋಡದ ಸುಳಿವಿಲ್ಲ. ಕರೆಂಟು ಇದ್ದರೆ ವೋಲ್ಟೇಜ್ ಇಲ್ಲ. ಫ್ಯಾನು ತಿರುಗುವುದನ್ನು ನೋಡಿದರೆ ಪಾಪ, ಅದಕ್ಕೇ ಯಾರಾದರೂ ಗಾಳಿ ಬೀಸಬೇಕು ಅನ್ನಿಸುತ್ತಿತ್ತು.

ಮಧ್ಯಾಹ್ನ ನಾವೆಲ್ಲ ಮಲಗುತ್ತಿದ್ದದ್ದು ಬ್ಯಾರನ್‌ನಲ್ಲಿ... ಅಂದರೆ ಮಳೆಗಾಲದಲ್ಲಿ ಬೆಂಕಿ ಹಾಕಿ ಹೊಗೆಸೊಪ್ಪು ಹದ ಮಾಡುವ ಮನೆ. ಗೋಡೆ ದಪ್ಪ, ಸೂರು ಎತ್ತರ, ಹಾಗಾಗಿ ಬೇಸಿಗೆಯಲ್ಲಿ ಊರಿಗೇ ತಂಪಾದ ಜಾಗ ಅದು.

ಇದನ್ನು ತವರಿಗೆ ಹೇಳಿ ಕಳಿಸಿದಾಗ, ಸೊಸೆಯನ್ನು ಬ್ಯಾರನ್‌ಗೆ ಹಾಕುತ್ತಾರಂತೆ ಅಂತ ನಮ್ಮವ್ವ ಗಾಬರಿಯಾಗಿದ್ದಳು.

ಬ್ಯಾರನ್ ಬಾಗಿಲಲ್ಲಿ ಕೂತರೆ ಎದುರಿಗೇ ಅತ್ತೆಯ ನಿಂಬೆ ಗಿಡ. ಬಚ್ಚಲ ನೀರು ಅದರ ಬುಡಕ್ಕೇ ಹೋಗುತ್ತಿತ್ತು. ಸುತ್ತಮುತ್ತ ಎಲ್ಲ ಕಾದು ಬಿರಿದಿದ್ದರೂ ಅಲ್ಲಿ ಮಾತ್ರ ಒಂದು ಹಿಡಿ ಹಸಿ ಮಣ್ಣು. ಕಪ್ಪು ಹಳದಿ ಚಿಟ್ಟೆಗಳು ಬಂದು ಆ ಮಣ್ಣಿಗೆ ಬಾಯಿಟ್ಟು ನೀರು ಹೀರುತ್ತಿದ್ದವು.

ಅತ್ತೆಗೆ ಅವೆಂದರೆ ಪ್ರಾಣ. ಬೀಸಣಿಗೆ ಹಿಡಿದು ಬಂದು ಕೂರುವರು. ಒಂದರ ರೆಕ್ಕೆ ಹರಿದಿದೆ ಅಂತ ಮರುಗುವರು, ಒಂದೇ ಜಾಗಕ್ಕೆ ಕಿತ್ತಾಡುವ ಎರಡಕ್ಕೆ ಓರಗಿತ್ತಿಯರು ಅಂತ ಹೆಸರಿಟ್ಟಿದ್ದರು.

ದಿನದಲ್ಲಿ ಅವರು ನನ್ನ ತಪ್ಪು ಹುಡುಕದೆ ಕೂರುತ್ತಿದ್ದ ಹೊತ್ತು ಅದೊಂದೇ. ಆ ಸೆಕೆಯಲ್ಲಿ ನಾನು ಗಂಟುಮೂಟೆ ಕಟ್ಟಿ ತವರಿಗೆ ಹೋಗದೆ ಉಳಿದದ್ದೂ ಆ ಹೊತ್ತಿನಿಂದಲೇ.

ಅಂಥ ಚಿಟ್ಟೆಗಳು ಕಡಿಮೆಯಾಗುತ್ತಾ ಬಂದವು. ಒಂದು ಮಧ್ಯಾಹ್ನ ಒಂದೂ ಇಲ್ಲ. ಅತ್ತೆ ಹಸಿ ಮಣ್ಣನ್ನು ನೋಡಿದರು, ಬಚ್ಚಲು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನಿನ್ನ ಸೋಪಿನ ಗಮಲಿಗೆ ಮನುಸ್ರೇ ನಿಲ್ಲಲ್ಲ ಕಣಮ್ಮಿ, ಇನ್ನು ಅವು ನಿಲ್ತಾವಾ?"

ಮದುವೆಗೆ ಗೆಳತಿ ಕೊಟ್ಟ ಗುಲಾಬಿ ಬಣ್ಣದ ಸೋಪು ಅದು. ಕಡ್ಲೆಹಿಟ್ಟು ಉಜ್ಜಿಕೊಳ್ಳುತ್ತಾ ಬಚ್ಚಲಲ್ಲಿ ಕೂತು ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಸೋಪು ಹೋದ ಮೇಲೂ ಚಿಟ್ಟೆ ಬರಲಿಲ್ಲ. ವಾಸನೆ ಇನ್ನೂ ಮಣ್ಣಲ್ಲಿದೆ ಅಂದರು ಅತ್ತೆ.

ಹೊಗೆಸೊಪ್ಪಿನ ಮನೆಯವರಿಗೆ ಹುಳ ಕಂಡರೆ ಕೈ ಸುಮ್ಮನಿರುವುದಿಲ್ಲ. ಅತ್ತೆ ಬೆಳಗ್ಗೆ ಸಸಿಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಎಳೆ ಸಸಿಗಳ ಹುಳ ಆರಿಸುವರು. ಮನೆಗೆ ಬಂದವರೇ ಅದೇ ಕೈಯಲ್ಲಿ ನಿಂಬೆ ಗಿಡದ ಹಸಿರು ಹುಳಗಳನ್ನೂ ಕಿತ್ತು ಕೋಳಿಗೆ ಎಸೆಯುವರು. ಅವರು ಗಿಡದ ಕಡೆ ತಿರುಗಿದರೆ ಸಾಕು, ಕೋಳಿ ಓಡಿ ಬರುತ್ತಿತ್ತು.

ಅಷ್ಟು ಕಾಳಜಿ ಆ ಗಿಡದ ಮೇಲೆ. ಅತ್ತೆಯ ನಿಂಬೆಕಾಯಿ ಉಪ್ಪಿನಕಾಯಿ ಎಂದರೆ ಹುಣಸೂರಿನ ನೆಂಟರ ತನಕ ಹೆಸರು. ಅಂಗಡಿಯಿಂದ ಉಪ್ಪಿನಕಾಯಿ ತರುವವರನ್ನು ಅವರು ಸಂಸಾರಸ್ಥರ ಪಟ್ಟಿಯಿಂದಲೇ ತೆಗೆದುಹಾಕಿದ್ದರು.

ಒಂದು ಹುಳ ಮಾತ್ರ ಅವರ ಕೈಗೆ ಸಿಗದೆ ಬ್ಯಾರನ್ ಬಾಗಿಲ ಚೌಕಟ್ಟಿಗೆ ಹತ್ತಿ ಅಂಟಿಕೊಂಡಿತು. ಕೆಲವೇ ದಿನದಲ್ಲಿ ಒಣಕಡ್ಡಿಯ ಹಾಗಾಯಿತು. ಬಿಸಿಲಿಗೆ ಸತ್ತಿದೆ, ಕೀಳುವ ಕೆಲಸ ತಪ್ಪಿತು ಅಂತ ಅತ್ತೆ ಹಾಗೇ ಬಿಟ್ಟರು.

ಒಂದು ದಿನ ಇಬ್ಬರೂ ಬಾಗಿಲಲ್ಲಿ ಕೂತಿದ್ದೇವೆ. ಎದುರಿಗೆ ಖಾಲಿ ಮಣ್ಣು. ಬಿಸಿಲು ಏರುತ್ತಿದೆ, ಅತ್ತೆ ಬೀಸಣಿಗೆ ಬೀಸುತ್ತಿದ್ದಾರೆ...

ಆ ಒಣಕಡ್ಡಿ ಬಿರಿಯಿತು.

ಒಳಗಿಂದ ಒದ್ದೆ ಬಟ್ಟೆಯಂತೆ ಮುದುಡಿದ್ದು ಏನೋ ಹೊರಬಂತು. ನಿಧಾನವಾಗಿ ರೆಕ್ಕೆ ಬಿಚ್ಚಿತು. ಕಪ್ಪು, ಹಳದಿ. ನಮ್ಮ ಓರಗಿತ್ತಿಯರ ಜಾತಿಯದೇ.

ಅತ್ತೆ ಬೀಸಣಿಗೆ ಕೆಳಗಿಟ್ಟರು. ಗಾಳಿಗೆ ಅದು ಬಿದ್ದುಹೋದೀತು ಅಂತ. ಅದು ಹಾರುವ ತನಕ ಬೆವರು ಇಳಿಯುತ್ತಿದ್ದರೂ ಅಲ್ಲಾಡದೆ ಕೂತಿದ್ದರು.

"ಅಂಗಾರೆ ನಾನು ದಿನಾ ಕೋಳಿಗಾಕ್ತಿದ್ದದ್ದು ಇವನ್ನೇಯಾ?" ಅಂದರು, ಬಹಳ ಸಣ್ಣ ದನಿಯಲ್ಲಿ.

ಸೋಪಿನ ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆ ಸಮಯ ಇರಲಿಲ್ಲ. ನಾನೂ ಸ್ಕೂಲಲ್ಲಿ ಹುಳ ಚಿಟ್ಟೆಯಾಗುವ ಚಿತ್ರ ಬರೆದು ಮಾರ್ಕ್ಸ್ ತೆಗೆದವಳೇ, ಆದರೆ ನಿಂಬೆ ಗಿಡದ ಹುಳ ಅದೇ ಅಂತ ಹೊಳೆದಿರಲಿಲ್ಲ. ಅವರ ಮುಖ ನೋಡಿ ನಿಜವಾಗಿಯೂ ಸಂಕಟವಾಯಿತು. ಕೆಳಗಿದ್ದ ಬೀಸಣಿಗೆ ಎತ್ತಿಕೊಂಡು ಅವರಿಗೆ ಗಾಳಿ ಬೀಸಿದೆ.

ಮರುದಿನ ಬೆಳಗ್ಗೆ ನೋಡುತ್ತೇನೆ, ಕೋಳಿ ಮಂಕರಿ ಬುಟ್ಟಿಯ ಕೆಳಗೆ ಬಂದಿ. ಅತ್ತೆ ಗಿಡದ ಹತ್ತಿರವೂ ಸುಳಿಯಲಿಲ್ಲ. ಹುಳಗಳು ಆರಾಮಾಗಿ ಚಿಗುರು ಮೇಯುತ್ತಿವೆ.

ಮತ್ತೆ ಕೆಲವು ದಿನಕ್ಕೆ ಗಿಡ ಬೋಳಾಗತೊಡಗಿತು. ನಮ್ಮ ಯಜಮಾನರು ಅವ್ವನಿಗೆ ಉಪಕಾರ ಮಾಡೋಣ ಅಂತ ಔಷಧಿ ಹೊಡೆಯುವ ಸ್ಪ್ರೇಯರ್ ಬೆನ್ನಿಗೇರಿಸಿಕೊಂಡು ಬಂದರು.

ಅತ್ತೆ ಹೋಗಿ ಗಿಡಕ್ಕೆ ಅಡ್ಡ ನಿಂತರು.

"ಈ ಗಿಡದ ತಂಟೆಗೆ ಬರಬ್ಯಾಡ ಬುಡ್ಲಾ ಮಗ. ಈ ವರ್ಷ ಉಪ್ಪಿನಕಾಯಿ ಅಂಗಡೀಲಿ ತಂದ್ರಾಯ್ತು."

ಯಜಮಾನರು ಸ್ಪ್ರೇಯರ್ ಸಮೇತ ಕಲ್ಲಾಗಿ ನಿಂತರು. ಅವ್ವನಿಗೆ ಬಿಸಿಲು ತಲೆಗೇರಿದೆಯಾ ಅಂತ ನನ್ನನ್ನು ಗುಟ್ಟಾಗಿ ಕೇಳಿದರು.

ಮಳೆ ಬರುವ ಹೊತ್ತಿಗೆ ಹಸಿ ಮಣ್ಣಿನ ಮೇಲೆ ಓರಗಿತ್ತಿಯರ ಜಗಳ ಮತ್ತೆ ಶುರುವಾಗಿತ್ತು.

ಅದೇ ವಾರ ಬಚ್ಚಲ ಗೂಡಿನಲ್ಲಿ ನನ್ನ ಸೋಪು ವಾಪಸು ಬಂದು ಕೂತಿತ್ತು. ಅತ್ತೆ ಟ್ರಂಕಿನಿಂದ ತೆಗೆದು ಉಟ್ಟ ಸೀರೆಗಳಿಗೆಲ್ಲ ಆ ವರ್ಷ ಪೂರ್ತಿ ಗುಲಾಬಿ ಸೋಪಿನ ಘಮಲು.

ಅಂಗಡಿ ಉಪ್ಪಿನಕಾಯಿ ಬರೀ ಉಪ್ಪು. ಅತ್ತೆ ಮಾತ್ರ ಎರಡು ಸಲ ಹಾಕಿಸಿಕೊಂಡು ಉಂಡರು.

ನಿಮ್ಮ ಮನೆಯಲ್ಲೂ ಇದ್ದಾರಾ, ಬಾಯಲ್ಲಿ ಒಂದು ದಿನವೂ ಸೋಲದೆ ಹೀಗೆ ಸೋತು ತೋರಿಸುವವರು?