ಹೊನ್ನಕ್ಕನ ಶ್ರುತಿ

ಹೊನ್ನಕ್ಕ ಎಂದೂ ಮೈಕಿನ ಮುಂದೆ ನಿಂತು ಹಾಡಿದವರಲ್ಲ. ಸೌಂಡ್ ಸೆಟ್ಟಿನವನು ಮೈಕಿನ ಕಂಬ ತಂದು ನಿಲ್ಲಿಸಿದರೆ, ತಾವೇ ಅದನ್ನು ಎತ್ತಿ ಪಕ್ಕಕ್ಕಿಡುತ್ತಿದ್ದರು. "ಇರ್ಲಿ ಬಿಡಪ್ಪ, ಭಾಷಣ ಮಾಡೋರಿಗೆ ಬೇಕಾಗ್ತದೆ" ಎನ್ನುವರು. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದು, ಕಟ್ಟಕಡೆಯ ಸಾಲಿನ ಮೇಲೆ ಕಣ್ಣಿಟ್ಟು ದನಿ ಎತ್ತುವರು. ಗುಬ್ಬಿಯ ಚಪ್ಪರದಲ್ಲಿ ಅವರು ಹಾಡಿದರೆ ರಸ್ತೆಯಾಚೆ ಹೋಟೆಲಿನಲ್ಲಿ ದೋಸೆ ಹುಯ್ಯುವವನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದ.

ಐವತ್ತರ ದಶಕದ ಕೊನೆಯಲ್ಲಿ ಅವರು ತುಮಕೂರಿನ ನಮ್ಮ ವಠಾರಕ್ಕೆ ಬಂದರು. ನಾನಾಗ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಉಪಾಧ್ಯಾಯಿನಿ. ನಾಟಕ ಕಂಪನಿ ಬಿಟ್ಟು ಬಂದ ಹೆಂಗಸು ಎಂದು ವಠಾರದವರು ಮೊದಮೊದಲು ಮೂಗು ಮುರಿದರು. ಆದರೆ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವರ ಅಂಗಳದಲ್ಲಿ ರಂಗೋಲಿ ಬಿದ್ದಿರುತ್ತಿತ್ತು, ಹಾಡಿನ ಸಾಧಕ ಮುಗಿದಿರುತ್ತಿತ್ತು. ಶಿಸ್ತಿಲ್ಲದವರನ್ನು ಕಂಡರೆ ಆಗದ ನನ್ನ ತಾಯಿ, ವಾರ ಕಳೆಯುವುದರೊಳಗೆ ಅವರಿಗೆ ಕಾಫಿ ಕೊಟ್ಟರು.

ಕಂಪನಿ ಯಾಕೆ ಬಿಟ್ಟಿರಿ ಎಂದು ಕೇಳಿದರೆ ಅವರ ಉತ್ತರ ಒಂದೇ. "ಅಲ್ಲಿ ಯಜಮಾನ್ರು ಅಳು ಅಂದಾಗ ಅಳ್ಬೇಕು, ನಗು ಅಂದಾಗ ನಗ್ಬೇಕು ಟೀಚರಮ್ಮ. ಈಗ ನಾನು ಯಾರ್ ಕೈಕೆಳಗೂ ಇಲ್ಲ. ನನಗೆ ಅಳು ಬಂದ್ರೆ ಅಳ್ತೀನಿ."

ಯಾರ ಕೈಕೆಳಗೂ ಇರದಿದ್ದರೂ ಕಂಪನಿಯ ಒಂದು ನಿಯಮವನ್ನು ಮಾತ್ರ ಅವರು ಬಿಡಲಿಲ್ಲ. ಹಾಡುವವರು ಹಾರ್ಮೋನಿಯಂ ಮುಟ್ಟಬಾರದು. ಎಷ್ಟು ಎತ್ತರದ ಶ್ರುತಿಯಲ್ಲಿ ಹಾಡಬೇಕೆಂಬುದು ಅದನ್ನು ನುಡಿಸುವ ಮೇಷ್ಟ್ರಿಗೆ ಸೇರಿದ್ದು. ಹಾರ್ಮೋನಿಯಂನ ಒತ್ತುವ ಪಟ್ಟಿಗಳಿಗೆ ಅವರು ಮನೆ ಎನ್ನುತ್ತಿದ್ದರು. ಕರಿ ನಾಲ್ಕನೇ ಮನೆ, ಅಂದರೆ ಕರಿಯ ಪಟ್ಟಿಗಳಲ್ಲಿ ನಾಲ್ಕನೆಯದು, ಅವರ ಕಂಪನಿಯ ಶ್ರುತಿ. ಮೈಕಿಲ್ಲದ ಕಾಲದಲ್ಲಿ ಹಿಂದಿನ ಬೆಂಚಿಗೆ ಕೇಳಿಸಲೆಂದು ಇಟ್ಟುಕೊಂಡ ಎತ್ತರ ಅದು. ಅವರ ಜೊತೆಯಲ್ಲೇ ಕಂಪನಿ ಬಿಟ್ಟು ಬಂದ ನಂಜಪ್ಪ ಮೇಷ್ಟ್ರು ಹಿಂದೆ ಕೂತು ಆ ಮನೆ ಒತ್ತುತ್ತಿದ್ದರು. ಹೊನ್ನಕ್ಕ ತಿರುಗಿಯೂ ನೋಡದೆ ಹಾಡುತ್ತಿದ್ದರು. "ಮೇಷ್ಟ್ರು ಕೊಟ್ಟಿದ್ದು ತಗೋಬೇಕು. ತಿರುಗಿ ನೋಡಿದ್ರೆ ನಂಬಿಕೆ ಇಲ್ಲ ಅಂತ ಅರ್ಥ."

ಬಷೀರ್ ಸಾಬರು ಸಿಕ್ಕಿದ್ದು ಕುಣಿಗಲ್ಲಿನಲ್ಲಿ. ಅವರು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಯಾರದೋ ಮೆರವಣಿಗೆ ಹೋಗುತ್ತಿದ್ದಾಗ ಹೊನ್ನಕ್ಕ ಬಸ್ಸು ಬಿಟ್ಟು ಅದರ ಹಿಂದೆಯೇ ನಡೆದರಂತೆ. ಹೆಣ್ಣಿನ ಮನೆ ಬಾಗಿಲಲ್ಲಿ ಬ್ಯಾಂಡು ನಿಂತಾಗ ಹತ್ತಿರ ಹೋಗಿ, "ಸಾಬ್ರೇ, ನಮ್ಮವ್ವ ರಾಗಿ ಬೀಸ್ತಾ ಹಾಡ್ತಿದ್ದ ಪದಗಳವೆ. ನಾನು ಹಾಡ್ತೀನಿ, ನೀವು ಊದ್ತಾ ಬೀಸುಕಲ್ಲಿನಂಗೆ ಸುತ್ತಿ ಸುತ್ತಿ ಬರ್ತೀರಾ?" ಎಂದು ಕೇಳಿದರು. ಡೋಲಿನವನು ಜೋರಾಗಿ ನಕ್ಕ. "ಹೋಗು ಬಷೀರ್ ಭಾಯ್, ಇನ್ಮೇಲೆ ಹಿಟ್ಟಿನ ಗಿರಣಿಲಿ ನಿನ್ ಕಛೇರಿ!"

ಸಾಬರು ಬಂದರು. ವಠಾರದ ನಡುವಣ ಕಟ್ಟೆಯ ಮೇಲೆ ಮೂವರೂ ಕೂತು ಬೀಸುವ ಪದಗಳಿಗೆ ಹೊಸ ರೂಪ ಕೊಟ್ಟರು. ಒಂದು ಸಾಲಿಗಾಗಿ ಮಧ್ಯಾಹ್ನವಿಡೀ ಜಗಳವಾಡುತ್ತಿದ್ದರು. "ಸಾಬ್ರೇ, ನೀವು ಮದ್ವೆ ಗಂಡಿಗೆ ಊದಿದಂಗೆ ಊದ್ತಿದೀರ. ಈ ಪದದೋಳು ತೌರು ಕಾಣ್ದೆ ಇರೋಳು ಕಣ್ರೀ." ಗುಬ್ಬಿಯಲ್ಲಿ ಮೊದಲ ಸಲ ಹಾಡಿದಾಗ, ಹಳೆಯ ನಾಟಕದ ಪದಗಳೇ ಬೇಕೆಂದು ಜನ ಕೂಗಿದರು. ಹೊನ್ನಕ್ಕ ಜಗ್ಗಲಿಲ್ಲ. ಎರಡನೆಯ ಪದಕ್ಕೆ ಚಪ್ಪರ ಮೌನವಾಯಿತು. ಮುಂದೆ ಕಡಬದಲ್ಲಿ, ತುಮಕೂರಿನಲ್ಲಿ ಒಂದರ ಹಿಂದೆ ಒಂದು ಕಾರ್ಯಕ್ರಮಗಳಾದವು.

ಕಡಬದಿಂದ ಬಂದ ಮೇಲೆ ಅವರ ದನಿ ಒಡೆಯತೊಡಗಿತು. ಮೊದಲು ನೆಗಡಿ ಎಂದುಕೊಂಡರು. ಶುಂಠಿ, ಮೆಣಸು, ಜೇನು ಎಲ್ಲ ಆಯಿತು. ಕೊನೆಗೆ ನಾನೇ ಬಲವಂತ ಮಾಡಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಡಾಕ್ಟರು ಕನ್ನಡಿ ಹಿಡಿದು ಗಂಟಲು ನೋಡಿ, "ಹಾಡೋದು ನಿಲ್ಲಿಸಿ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿ. ತಡ ಮಾಡಬೇಡಿ" ಎಂದರು.

ವಠಾರದ ಬಾಗಿಲಲ್ಲಿ ನಿಂತು ಹೊನ್ನಕ್ಕ ಹೇಳಿದರು: "ಬೆಂಗ್ಳೂರಿಗೆ ಹೋದ್ರೆ ಕತ್ತು ಕುಯ್ತಾರೆ ಟೀಚರಮ್ಮ. ಕುಯ್ದ ಮೇಲೆ ನಾನು ಯಾರು? ಕುಣಿಗಲ್ ಕಾರ್ಯಕ್ರಮ ಒಪ್ಕೊಂಡಿದೀನಿ. ಅಲ್ಲಿ ಮೇಲಿನ ಸ್ವರದಲ್ಲಿ ದನಿ ಒಡೀದೆ ನಿಂತ್ರೆ ಇದು ಬರೀ ಶೀತ. ನಿಲ್ದಿದ್ರೆ ಮಾರನೇ ದಿನವೇ ಬೆಂಗ್ಳೂರು. ದೇವ್ರಾಣೆ. ಆದ್ರೆ ಮೇಷ್ಟ್ರಿಗೆ, ಸಾಬ್ರಿಗೆ ಡಾಕ್ಟ್ರ ಮಾತು ಹೇಳ್ಬೇಡಿ. ಎದೆ ಒಡ್ಕೊಂಡು ಬಾರ್ಸಕ್ಕೇ ಬರಲ್ಲ."

ಕುಣಿಗಲ್ಲಿನ ಸಂತೆ ಮೈದಾನದಲ್ಲಿ ಜನ ತುಂಬಿದ್ದರು. ಮೈಕು ಎಂದಿನಂತೆ ಪಕ್ಕಕ್ಕೆ ಸರಿಯಿತು. ತೌರಿನ ಪದದ ಕೊನೆಯ ಸಾಲಿನಲ್ಲಿ ದನಿ ಮೇಲಕ್ಕೇರಬೇಕು. ಹೊನ್ನಕ್ಕ ಏರಿದರು, ದನಿ ಒಡೆಯದೆ ಅಲ್ಲೇ ನಿಂತಿತು. ಕ್ಲಾರಿನೆಟ್ಟು ಅವರ ದನಿಯ ಸುತ್ತ ಮೆಲ್ಲಗೆ ಸುತ್ತಿಕೊಂಡಿತು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದು, "ನಿಂತಿತು, ನೋಡಿದ್ರಾ? ಬೆಂಗ್ಳೂರು ಬೇಡ" ಎಂದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಮತ್ತೆ ನೋಡಲಿಲ್ಲ. ಹೋಗಿಬನ್ನಿ ಎಂದು ಆಮೇಲೂ ಹಲವು ಸಲ ಹೇಳಿದೆ. "ಹಾಡೋ ಗಂಟ್ಲಿಗೆ ಏನಮ್ಮ ಕಾಯಿಲೆ?" ಎಂದು ಬಾಯಿ ಮುಚ್ಚಿಸಿದರು. ಒಂದಾದ ಮೇಲೊಂದು ಊರಿನಲ್ಲಿ ಹಾಡಿದರು. ತಿಂಗಳುಗಳು ಕಳೆದವು. ಕತ್ತಿನ ಪಕ್ಕದಲ್ಲಿ ಸಣ್ಣ ಗಂಟು ಕಾಣಿಸಿಕೊಂಡಿತು.

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಗೊಂದು ಪದ ಕಲಿಸಲು ಅವರನ್ನು ಕರೆದಿದ್ದೆವು. ನಂಜಪ್ಪ ಮೇಷ್ಟ್ರು ಅಂದು ಊರಲ್ಲಿರಲಿಲ್ಲ. ನನಗೆ ಸಂಗೀತ ಗೊತ್ತಿಲ್ಲ. ಬೆಳಗಿನ ಪ್ರಾರ್ಥನೆಗೆ ಹಾರ್ಮೋನಿಯಂನ ಒಂದು ಮನೆ ಒತ್ತಿ ಹಿಡಿಯುವುದಷ್ಟೇ ಬರುತ್ತಿತ್ತು. "ಹಂಗಾದ್ರೆ ಕರಿ ನಾಲ್ಕು ಹಿಡೀರಿ. ಮಕ್ಕಳು ಬರೋದ್ರೊಳಗೆ ಗಂಟ್ಲು ಬಿಡಿಸ್ಕೋತೀನಿ" ಎಂದು ಹೊನ್ನಕ್ಕ ತೌರಿನ ಪದ ತೆಗೆದರು.

ಅರ್ಧ ಸಾಲಿಗೇ ದನಿ ಬಟ್ಟೆ ಹರಿದಂತೆ ಹರಿಯಿತು. "ಬೇರೆ ಮನೆ ಒತ್ತಿದೀರ" ಎಂದರು. "ಕರಿ ನಾಲ್ಕೇ ಹೊನ್ನಕ್ಕ" ಎಂದೆ. ಮತ್ತೆ ಎತ್ತಿದರು, ಮತ್ತೆ ಹರಿಯಿತು. ಆಗ ಹತ್ತಿರ ಬಂದು ಬಗ್ಗಿ ನನ್ನ ಬೆರಳನ್ನೇ ನೋಡಿದರು. ಕರಿಯ ಪಟ್ಟಿಗಳನ್ನು ಕಣ್ಣಲ್ಲೇ ಎಣಿಸಿದರು. ಆಮೇಲೆ ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದ ಮಕ್ಕಳ ಕಡೆ ತಿರುಗಿ, "ನಾಳೆ ಬನ್ನಿ ಕಂದಾ" ಎಂದರು.

ಎರಡು ದಿನ ಬಿಟ್ಟು ನಂಜಪ್ಪ ಮೇಷ್ಟ್ರು ಮತ್ತು ಸಾಬರು ಬಂದಾಗ, ಹೊನ್ನಕ್ಕ ನನ್ನನ್ನೂ ಕರೆದು ಕೂರಿಸಿಕೊಂಡರು. "ಮೇಷ್ಟ್ರೇ, ಕುಣಿಗಲ್ಲಲ್ಲಿ ಯಾವ ಮನೆ ಹಿಡಿದ್ರಿ?"

ಮೇಷ್ಟ್ರು ತಲೆ ತಗ್ಗಿಸಿದರು. "ಕರಿ ಮೂರು ಕಣವ್ವ. ಮೇಲೆ ಹೋಗೋವಾಗ ನಿನ್ ಕತ್ತಿನ ನರ ಉಬ್ಬೋದು ನೋಡಕ್ಕಾಗ್ತಿರ್ಲಿಲ್ಲ. ಇಳ್ಸಿದೀನಿ ಅಂದ್ರೆ ನೀನು ಹಾಡೋದೇ ಬುಟ್ಬುಡ್ತೀಯ ಅಂತ ಹೇಳ್ಲಿಲ್ಲ."

"ಆಮೇಲೆ?"

"ಆಮೇಲೂ ಇಳಿಸ್ತಾ ಬಂದೆ."

"ನೀವು ಸಾಬ್ರೇ?"

"ನನಗೂ ಗೊತ್ತಿತ್ತು ಅಕ್ಕ" ಎಂದರು ಸಾಬರು. "ಕ್ಲಾರಿನೆಟ್ಟಲ್ಲಿ ಬೆರಳೆಲ್ಲ ಬೇರೆ ಥರ ಹೊಂದಿಸ್ಕೋಬೇಕಿತ್ತು. ಮನೇಲಿ ಕೂತು ಕಲಿತೆ. ನಿಮ್ಮ ಗಂಟ್ಲು ಸುಧಾರಿಸ್ಕೊಳ್ಳಲಿ ಅಂತ."

"ಅವತ್ತು ದನಿ ನಿಂತ್ರೆ ಆಸ್ಪತ್ರೆಗೆ ಹೋಗಲ್ಲ ಅಂತ ಆಣೆ ಇಟ್ಕೊಂಡಿದ್ದೆ ಕಣ್ರಪ್ಪ" ಎಂದರು ಹೊನ್ನಕ್ಕ. ದನಿ ಏರಿಸಲಿಲ್ಲ. ಡಾಕ್ಟರು ಹೇಳಿದ್ದೆಲ್ಲವನ್ನೂ ತಿಳಿಸಿದರು. ಮೇಷ್ಟ್ರು ಎರಡೂ ಕೈಯಿಂದ ತಲೆ ಚಚ್ಚಿಕೊಂಡರು. ಸಾಬರು ಎದ್ದು ಹೋಗಿ ಅಂಗಳದ ಗೋಡೆಗೆ ಮುಖ ಮಾಡಿ ನಿಂತರು. ಬೈದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು. ಹೊನ್ನಕ್ಕ ಬೈಯಲಿಲ್ಲ. ಒಳಗೆ ಹೋಗಿ ಇಬ್ಬರಿಗೂ ಕಾಫಿ ತಂದಿಟ್ಟರು.

ಬೆಂಗಳೂರಿನ ಡಾಕ್ಟರುಗಳು ತುಂಬ ತಡವಾಯಿತೆಂದರು. ಗಂಟಲು ಕುಯ್ದೂ ಉಪಯೋಗವಾಗಲಿಲ್ಲ. ಹೊನ್ನಕ್ಕ ಹಿಂತಿರುಗಲಿಲ್ಲ. ನಾನು ಅವರನ್ನು ಕೊನೆಯದಾಗಿ ಕಂಡದ್ದು, ಅವರು ಹೊರಟ ಬೆಳಿಗ್ಗೆ ತುಮಕೂರು ರೈಲ್ವೆ ಸ್ಟೇಷನ್ನಿನಲ್ಲಿ. ಸಾಬರು ಜೊತೆಗೆ ಹೊರಟು ಟ್ರಂಕು ಹತ್ತಿಸುತ್ತಿದ್ದರು. ನಂಜಪ್ಪ ಮೇಷ್ಟ್ರು ಮತ್ತು ನಾನು ಪ್ಲಾಟ್‌ಫಾರಂ ಮೇಲೆ ನಿಂತಿದ್ದೆವು. ಹೊನ್ನಕ್ಕ ಕಿಟಕಿಯ ಸರಳು ಹಿಡಿದು ಬಗ್ಗಿದರು. ದನಿ ಆಗಲೇ ಪಿಸುಮಾತಿಗೆ ಇಳಿದಿತ್ತು.

"ಮೇಷ್ಟ್ರೇ, ಮನೆ ಯಾವುದಾದ್ರೂ ಇರ್ಲಿ. ಕುಣಿಗಲ್ಲಲ್ಲಿ ನಾನು ಹಾಡಿದ್ದು ಹೆಂಗಿತ್ತು?"

"ಬಂಗಾರ ಕಣವ್ವ. ನನ್ ಮಕ್ಕಳಾಣೆಗೂ ಬಂಗಾರ."

"ಅವತ್ತೂ ನೀವು ಹಂಗೇ ಅಂದ್ರಿ" ಎಂದು ನನ್ನ ಕಡೆ ನೋಡಿದರು. "ಟೀಚರಮ್ಮ, ನೀವು ಸುಳ್ಳು ಹೇಳೋರಲ್ಲ. ನೀವು ಹೇಳಿ."

"ತುಂಬ ಚೆನ್ನಾಗಿತ್ತು ಹೊನ್ನಕ್ಕ" ಎಂದೆ. ನಿಜವನ್ನೇ ಹೇಳಿದ್ದೆ.

ಗಾರ್ಡು ಸೀಟಿ ಊದಿದ. ಹೊನ್ನಕ್ಕ ಸರಳಿನಾಚೆಯಿಂದ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದರು.

"ನಿಮಗೆ ಸಂಗೀತ ಬರಲ್ವಲ್ಲಮ್ಮ" ಎಂದರು.