ವೈದ್ಯರು ಹೇಳಿದ ಕಾಡು

“ಯಾಂನಾ ರೋಜ್ ಕಾಢಾ ದ್ಯಾ,” ಎಂದು ನಮ್ಮವರನ್ನು ಪರೀಕ್ಷಿಸಿದ ಪುಣೆಯ ವೈದ್ಯರು ನನ್ನತ್ತ ತಿರುಗಿ ಹೇಳಿದರು. ಇದು ಸ್ವಾತಂತ್ರ್ಯಕ್ಕೂ ಮೊದಲಿನ ಮಾತು. ಮದುವೆಯಾಗಿ ಧಾರವಾಡದಿಂದ ಆಗಷ್ಟೇ ಬಂದಿದ್ದ ನನಗೆ ಮರಾಠಿ ಬಾರದು. ನಮ್ಮವರ ಉಬ್ಬಸಕ್ಕೆ ದಿನಾಲೂ ಕಾಡು ಕೊಡಬೇಕಂತೆ ಎಂದುಕೊಂಡೆ. ಮರುದಿನ ನಸುಕಿನಲ್ಲೇ ಅವರನ್ನು ಎಬ್ಬಿಸಿ ಹತ್ತಿರದ ಕಾಡೆಂದು ಚತುಃಶೃಂಗಿ ಗುಡ್ಡಕ್ಕೆ ಹೊರಡಿಸಿದೆ. ಗಿಡಮರವೆಂದರೆ ಪ್ರಾಣ ಬಿಡುವ ಮನುಷ್ಯ, ಮರುಮಾತಾಡದೆ ಬಂದರು. ಏರಿನಲ್ಲಿ ಉಸಿರು ಕಟ್ಟಿದಾಗಲೆಲ್ಲ ನಿಂತು, ಎದುರಿನ ಮರ ತೋರಿಸಿ ಅದರ ಹೆಸರು ಹೇಳುತ್ತಿದ್ದರು. ಹೀಗೇ ದಿನವೂ ನಡೆಯಿತು.

ಕಾಢಾ ಅಂದರೆ ಕಷಾಯ ಎಂದು ಪಕ್ಕದ ಮನೆಯ ಮಾವಶಿಯಿಂದ ತಿಳಿಯುವಷ್ಟರಲ್ಲಿ ಮಳೆಗಾಲ ಬಂದಿತ್ತು. ನನಗೆ ಅಳುವೇ ಬಂತು.

“ನಿಮಗ ಮರಾಠಿ ಬರ್ತಿತ್ತಲ್ರೀ, ಯಾಕ ಹೇಳಲಿಲ್ಲ?” ಎಂದೆ.

“ಕಷಾಯ ಯಾರ ಬೇಕಾದ್ರೂ ಕೊಡ್ತಾರ. ಕಾಡು ಕೊಟ್ಟಾಕಿ ನೀ ಒಬ್ಬಾಕಿನ ನೋಡು,” ಎಂದರು.

ಅಂದಿನಿಂದ ಕಷಾಯವನ್ನೂ ಕಾಸಿದೆ, ಗುಡ್ಡವನ್ನೂ ತಪ್ಪಿಸಲಿಲ್ಲ.

ಉಬ್ಬಸ ಕಡೆತನಕ ಅವರನ್ನು ಬಿಡಲಿಲ್ಲ, ಅವರೂ ಗುಡ್ಡ ಬಿಡಲಿಲ್ಲ. ಈಗ ನಾನೊಬ್ಬಳೇ ಏರುತ್ತೇನೆ. ನನಗೆ ಹೆಸರು ಗೊತ್ತಿರುವ ಒಂದೊಂದು ಮರವೂ ಅವರು ಉಸಿರಿಗಾಗಿ ನಿಂತ ಜಾಗ.